ಗಂಗಾಂಬಿಕಾ ಟೀಚರ್ ಓದಿದ ಪಾಠ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ನಿವೃತ್ತ ಶಿಕ್ಷಕಿ ಗಂಗಾಂಬಿಕಾ ಇತಿಹಾಸದ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕುತ್ತಿದ್ದರು. ಕಂಪ್ಲಿಯ ಪೂಜಿತಾಳಿಗೆ ಕಣ್ಣು ಕಾಣದು. ಅವಳು ಬಿ.ಎ. ಪರೀಕ್ಷೆಗೆ ತಯಾರಾಗುತ್ತಿದ್ದುದು ಆ ದನಿಯನ್ನು ಕೇಳಿಯೇ.

ಒಂದು ಬೆಳಿಗ್ಗೆ ಪಾಠಗಳೆಲ್ಲ ಮಾಯವಾಗಿದ್ದವು. ಇದು ಪೈರಸಿ ಎಂದು ಪ್ರಕಾಶಕರು ದೂರು ಕೊಟ್ಟಿದ್ದರು. ಗಂಗಾಂಬಿಕಾ ಅವರಿಗೆ ಕೆನ್ನೆಗೆ ಹೊಡೆದಂತಾಯಿತು. ಪುಸ್ತಕವನ್ನು ಜೆರಾಕ್ಸ್ ಮಾಡಿಸಿದ ಮಕ್ಕಳನ್ನು ಶಾಲೆಯಲ್ಲಿ ಬೈದವರು ಅವರು. ಪ್ರಕಾಶಕರಿಗೇ ಫೋನ್ ಮಾಡಿದರು.

“ಕಣ್ಣಿಲ್ಲದವ್ರಿಗೆ ಓದಿ ಹೇಳಾಕ ಕಾನೂನ ಅವಕಾಶ ಕೊಟ್ಟೈತ್ರಿ,” ಎಂದರು.

“ಒಪ್ಪಿದೆ ಮೇಡಂ. ಆದರೆ ಕಣ್ಣಿದ್ದವರೂ ಪುಸ್ತಕ ಕೊಳ್ಳದೆ ಅದನ್ನೇ ಕೇಳುತ್ತಾರಲ್ಲ? ಬರೆದವರ ಗತಿಯೇನು? ನಿಲ್ಲಿಸಿಬಿಡಿ, ಇಲ್ಲದಿದ್ದರೆ ಕೇಸ್ ಹಾಕುತ್ತೇವೆ,” ಎಂದರು ಅಲ್ಲಿಯ ವ್ಯವಸ್ಥಾಪಕರು.

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಅದು ಗಂಗಾಂಬಿಕಾ ಅವರಿಗೂ ತಿಳಿಯಿತು.

“ಕಣ್ಣಿದ್ದವ್ರಿಗೆ ಬಾಗ್ಲ ಹಾಕ್ತೀನ್ರಿ. ಓದೋದು ಮಾತ್ರ ನಿಲ್ಸೋದಿಲ್ಲ. ಕೇಸ್ ಹಾಕ್ರಿ, ಕೋರ್ಟಿನಾಗೂ ಇದನ್ನ ಓದ್ತೀನಿ.”

ಅಂದೇ, ಪಾಠಗಳು ಏಕಿಲ್ಲವೆಂದು ಕೇಳಲು ಫೋನ್ ಮಾಡಿದ ಪೂಜಿತಾಳ ನೆರವಿನಿಂದ ಕಣ್ಣು ಕಾಣದ ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಪಾಠಗಳು ಅವರಿಗಷ್ಟೇ ಹೋಗತೊಡಗಿದವು. ವಾರದ ನಂತರ ವಕೀಲರ ನೋಟಿಸ್ ಬಂತು. ಕಣ್ಣು ಕಾಣದವರಿಗೆ ಓದಿ ಹೇಳಲು ಅವಕಾಶ ಕೊಡುವ ಕಾನೂನಿನ ಕಲಮನ್ನು ಕೈಯಾರೆ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಉತ್ತರ ಕಳಿಸಿದರು. ಆಮೇಲೆ ಕೇಸೂ ಬರಲಿಲ್ಲ, ಕ್ಷಮೆಯೂ ಬರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಪೂಜಿತಾ ಕೇಳಿದಳು: “ನೋಟಿಸ್ ಬಂದಾಗ ಹೆದ್ರಿಕಿ ಆಗ್ಲಿಲ್ಲೇನ್ರಿ ಟೀಚರ್?”

“ಭಾಳ ಆತವ್ವ. ಅವತ್ತು ಎರಡು ಪಾಠ ಜಾಸ್ತಿ ಓದಿದೆ.”