ಮೂರು ಶಾಲೆಗಳ ಮುಂದೆ ಒಂದಕ್ಕೆ

"ಮತ್ತೆ ಒಂದಕ್ಕಾ? ಏನಮ್ಮೀ, ನಿನ್ ನಲ್ಲಿ ವಾಷರ್ ಹೋಗ್ಯದಾ?"

ಸೂಪರ್‌ವೈಸರ್ ಸ್ಟ್ರೂವನ್ ಎಷ್ಟು ಗಟ್ಟಿಯಾಗಿ ಕೂಗಿದನೆಂದರೆ, ಕಾರ್ಖಾನೆಯಲ್ಲಿ ಮೀನು ಸಾಗಿಸುವ ಬೆಲ್ಟಿನ ಗದ್ದಲ ಮೀರಿ ಆ ತುದಿಯಲ್ಲಿ ಐಸು ತುಂಬುತ್ತಿದ್ದ ಗಂಡಸರಿಗೂ ಕೇಳಿಸಿ ಅವರು ಗೊಳ್ಳೆಂದರು. ಈನಾ ನಗಲಿಲ್ಲ. ಅವಳಿಗೆ ಅರವತ್ತೆರಡು. ಹದಿನಾರನೇ ವಯಸ್ಸಿನಿಂದ ಇದೇ ಬಂದರಿನಲ್ಲಿ ಮೀನು ಸೀಳುತ್ತ ಬಂದವಳು. ಆಗ ಈ ಸೂಪರ್‌ವೈಸರನ ಅಪ್ಪನಿಗೇ ಮೀಸೆ ಬಂದಿರಲಿಲ್ಲ.

"ಡಾಕ್ಟ್ರು ಹೊಸಾ ಮಾತ್ರೆ ಕೊಟ್ಟವ್ರೆ ಕಣಪ್ಪ. ನೀರು ಹೋಗೋ ಮಾತ್ರೆ," ಎಂದಳು.

"ಹಂಗಾದ್ರೆ ಮನೇಲ್ ಕೂತ್ಕಂಡ್ ಉಯ್ಕೊ. ಬೆಳಗ್ಗೆ ಒಂದ್ಸಲ ಆಯ್ತು. ಇನ್ನೊಂದು ಊಟ ಆದ್ಮೇಲೆ. ಮೀನು ನಿನ್ಗೋಸ್ಕರ ನಿಂತ್ಕಳಲ್ಲ."

ಮೀನು ನಿಜಕ್ಕೂ ಯಾರಿಗೋಸ್ಕರವೂ ನಿಲ್ಲುತ್ತಿರಲಿಲ್ಲ. ಸಾಲ್ಮನ್ ಮೀನಿನ ಕಿತ್ತಳೆ ಬಣ್ಣದ ಹೋಳುಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಂತೆ ಬರುತ್ತಲೇ ಇದ್ದವು. ಯಂತ್ರದ ಕಣ್ಣು ತಪ್ಪಿಸಿದ ಮುಳ್ಳುಗಳನ್ನು ಮೂವತ್ತೆಂಟು ಹೆಂಗಸರು ಚಿಮಟ ಹಿಡಿದು ಕೀಳುತ್ತಿದ್ದರು. ಅಷ್ಟೂ ಜನಕ್ಕೆ ಎರಡು ಕೆಂಪು ಅಂಗಿ. ಒಂದಕ್ಕೆ ಹೋಗುವವಳು ಅದನ್ನು ತೊಟ್ಟೇ ಹೋಗಬೇಕು, ಮೇಲಿನ ಗಾಜಿನ ಕೋಣೆಯಲ್ಲಿ ಕೂತವರಿಗೆ ಯಾರು ಹೋದರೆಂದು ಕಾಣುವಂತೆ. ಆರು ನಿಮಿಷ. ಅದರೊಳಗೇ ಕೈಗವಸು ಕಳಚಿ, ಏಪ್ರನ್ ಬಿಚ್ಚಿ, ಗಮ್‌ಬೂಟು ಬಿಟ್ಟು, ಮತ್ತೆಲ್ಲ ಏರಿಸಿಕೊಂಡು ಎರಡು ಸಲ ಕೈ ತೊಳೆಯಬೇಕು. ಮಿಕ್ಕಿದ್ದರಲ್ಲಿ ಹೋದ ಕೆಲಸ.

ಸ್ವಲ್ಪ ಹೊತ್ತಿಗೆ ಈನಾಳ ಚಿಮಟ ನಿಂತಿತು. ಮುಖ ಕಲ್ಲಾಯಿತು. ನೆಲದ ಮೇಲೆ ಹೇಗೂ ನೀರು ಹರಿಯುತ್ತಿತ್ತು, ಯಾರಿಗೂ ಗೊತ್ತಾಗುವಂತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವೆಲ್ಗಾಗೆ ಗೊತ್ತಾಯಿತು. ಅವಳು ನೀರಿನ ಪೈಪು ಎಳೆದುಕೊಂಡು, ನೆಲ ತೊಳೆಯುವವಳ ಹಾಗೆ ಈನಾಳ ಬೂಟಿನ ಮೇಲೂ ಸುತ್ತಲೂ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಊಟದ ಗಂಟೆ ಹೊಡೆಯುವವರೆಗೆ ಈನಾ ಒದ್ದೆ ಕಾಲುಚೀಲದಲ್ಲೇ ನಿಂತು ಮುಳ್ಳು ಕಿತ್ತಳು.

ಇದು ಮಂಗಳವಾರ ನಡೆದದ್ದು.

ಅದೇ ಮಧ್ಯಾಹ್ನ ಮೇಲಿನ ಆಫೀಸಿನಿಂದ ಪಿಪ್ಪಾ ಇಳಿದುಬಂದಳು. ಎಡಿನ್‌ಬರೋದ ಹುಡುಗಿ, ಹೊಸದಾಗಿ ಸೇರಿದವಳು. ಕಾರ್ಖಾನೆಯ ಯಜಮಾನ ಫರ್ಕರ್ ಶಾಲೆಗಳಿಗೆ ನಡೆಸುತ್ತಿದ್ದ ವಿಡಿಯೋ ಪಾಠ ಈಗ ಅವಳ ಕೈಯಲ್ಲಿತ್ತು. ಪಾಠದ ಹೆಸರು 'ಕಡಲಿನಿಂದ ತಟ್ಟೆಗೆ'. ಮಕ್ಕಳು ಅವರವರ ತರಗತಿಯಲ್ಲೇ ಕೂತು ದೊಡ್ಡ ಪರದೆಯಲ್ಲಿ ಕಾರ್ಖಾನೆ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಇಲ್ಲಿಂದ ಉತ್ತರ ಹೋಗುತ್ತದೆ. ಮೀನು ಕೊಳ್ಳುವ ದೊಡ್ಡ ಅಂಗಡಿಯವರಿಗೆ ಅದು ಬಹಳ ಹಿಡಿಸಿತ್ತು. ಇಲ್ಲಿಯವರೆಗೆ ಮೀನಿಗೆ ಹೊಗೆ ಹಾಕುವ ಗೂಡನ್ನು ಮಾತ್ರ ತೋರಿಸುತ್ತಿದ್ದರು. ಈ ಗುರುವಾರ ಮೊದಲ ಸಲ ಬೆಲ್ಟಿನ ಮುಂದಿನಿಂದ ಪಾಠ. ಅದಕ್ಕೊಂದು ಮುಖ ಬೇಕಿತ್ತು.

"ನೀವು ಮುಳ್ಳು ಕೀಳೋದು ನೋಡೋಕೇ ಚೆಂದ," ಎಂದಳು ಪಿಪ್ಪಾ, ವೆಲ್ಗಾಗೆ. "ಮಕ್ಕಳಿಗೆ ತೋರಿಸ್ತೀರಾ?"

ವೆಲ್ಗಾ ಉತ್ತರ ಹೇಳುವ ಮೊದಲೇ ಸ್ಟ್ರೂವನ್ ನಡುವೆ ಬಂದ. "ಎಲ್ಲಿ, ನಗು ನೋಡಾಣ."

ಅವಳು ನಕ್ಕಳು.

"ಥೂ! ಎಡಗಡೆ ಹಲ್ಲೇ ಇಲ್ವಲ್ಲೇ. ಮೇಡಂ, ಇವಳ್ನ ಬಲಗಡೆಯಿಂದ ಹಿಡೀರಿ. ಏಯ್, ಬಾಯ್ ತೆರೀಬ್ಯಾಡ. ತುಟೀಲೇ ನಗು. ಇನ್ನೊಸಿ. ಹಾಂ, ಅಷ್ಟೇ." ಅವನು ಹಿಂದಕ್ಕೆ ಸರಿದು, ಸಂತೆಯಲ್ಲಿ ಕುದುರೆ ನೋಡುವವನ ಹಾಗೆ ನೋಡಿದ. ಪಿಪ್ಪಾ ಕೈಯಲ್ಲಿದ್ದ ಕಾಗದ ನೋಡಿಕೊಂಡಳು.

ವೆಲ್ಗಾ ಲಾಟ್ವಿಯಾದ ಲಿಯಪಾಯದಿಂದ ಬಂದು ಹನ್ನೊಂದು ವರ್ಷವಾಗಿತ್ತು. ಮಗಳು ಇಲ್ಜೆ ಈ ಊರಿನ ಶಾಲೆಯಲ್ಲೇ ಓದುತ್ತಿದ್ದಳು. ಇಷ್ಟು ವರ್ಷವಾದರೂ ವೆಲ್ಗಾಳ ಕೆಲಸ ಏಜೆನ್ಸಿಯ ಕೆಲಸವೇ. ನಾಳೆ ಬಾ ಎಂದು ಸಂಜೆ ಮೊಬೈಲಿಗೆ ಸಂದೇಶ ಬಂದರೆ ನಾಳೆ ಕೆಲಸ. ಬಾರದಿದ್ದರೆ ಇಲ್ಲ. ಆಗಲ್ಲ ಎನ್ನುವ ಮಾತು ಅವಳ ಬಾಯಿಗೆ ಬರುವ ಹಾಗಿರಲಿಲ್ಲ.

ಹೇಳಬೇಕಾದ್ದನ್ನು ಪಿಪ್ಪಾ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಬುಧವಾರ ಊಟದ ಕೋಣೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತು ಅವಳಿಂದ ಅದನ್ನು ಓದಿಸಿದರು.

"ನಾವೆಲ್ಲ ಇಲ್ಲಿ ಒಂದೇ ಕುಟುಂಬ," ಎಂದು ವೆಲ್ಗಾ ತುಟಿ ಬಿಗಿಹಿಡಿದು ಓದಿದಳು.

"ಹಂಗಾದ್ರೆ ಫರ್ಕರ್ ಸಾಹೇಬ್ರು ನಂಗೇನಾಗ್ಬೇಕೇ?" ಎಂದಳು ಈನಾ.

"ಗಂಡ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅಯ್ ಬ್ಯಾಡ್ವೇ! ಇದ್ದ ಒಬ್ಬನ್ನ ಹೂತಾಕಿ ಬಂದಿದ್ದೇ ಸಾಕಾಗ್ಯದೆ."

ನಕ್ಕು ನಕ್ಕು ಒಬ್ಬಳ ಬಾಯಿಂದ ಚಹಾ ಮೇಜಿನ ಮೇಲೆಲ್ಲ ಸಿಡಿಯಿತು.

ಗುರುವಾರ ಬೆಳಗ್ಗೆ ಏಳಕ್ಕೇ ವೆಲ್ಗಾಳ ಕತ್ತುಪಟ್ಟಿಗೆ ಗುಂಡಿಯಷ್ಟು ದೊಡ್ಡ ಮೈಕು ಸಿಕ್ಕಿಸಿದರು. ಪಾಠ ಇದ್ದದ್ದು ಹತ್ತಕ್ಕೆ.

"ಮೈಕ್ ಹಾಕಿದ್ಮೇಲೆ ಎಲ್ಲಿಗೂ ಹೋಗಂಗಿಲ್ಲ," ಎಂದ ಸ್ಟ್ರೂವನ್. "ವೈರು ಗೀರು ಕಿತ್ಕಂಡ್ರೆ ನಿನ್ನಪ್ಪ ತರ್ತಾನಾ?"

ಅವಳು ಮನೆಯಿಂದ ಹೊರಡುವಾಗ ಎರಡು ದೊಡ್ಡ ಲೋಟ ಚಹಾ ಕುಡಿದಿದ್ದಳು.

ಹತ್ತಕ್ಕೆ ಸರಿಯಾಗಿ ಗೋಡೆಯ ಪರದೆಯಲ್ಲಿ ಮೂರು ಕಿಟಕಿ ತೆರೆದವು. ಒಂದರಲ್ಲಿ ಗ್ಲಾಸ್ಗೋದ ತರಗತಿ, ಮೂವತ್ತು ಮಕ್ಕಳು, ಆಗಲೇ ಗಲಾಟೆ. ಇನ್ನೊಂದರಲ್ಲಿ ವೇಲ್ಸಿನ ಕಣಿವೆಯ ಶಾಲೆ. ಮೂರನೆಯದು ಪಶ್ಚಿಮದ ಒಂದು ದ್ವೀಪದ್ದು. ಇಡೀ ಶಾಲೆಗೆ ಏಳೇ ಮಕ್ಕಳು, ಏಳೂ ಗಮ್‌ಬೂಟಿನಲ್ಲಿ. ಫರ್ಕರ್ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು, ತಲೆಗೆ ಬಲೆ ಹಾಕಿ, ಕೈ ಬೀಸಿದ. ಮಕ್ಕಳು ಕೈ ಬೀಸಿದರು. ಪಿಪ್ಪಾ ಮೀನಿನ ಜೀವನ ಹೇಳಿದಳು. ಮೀನಿಗೆ ನಿದ್ದೆ ಬರುತ್ತದೆಯೇ ಎಂದು ಒಬ್ಬ ಕೇಳಿದ. ಅವು ಹೂಸು ಬಿಡುತ್ತವೆಯೇ ಎಂದು ಇನ್ನೊಬ್ಬ ಕೇಳಿದ್ದಕ್ಕೆ ಗ್ಲಾಸ್ಗೋದ ತರಗತಿ ಅರ್ಧ ನಿಮಿಷ ಕೈಗೇ ಸಿಗಲಿಲ್ಲ.

ವೆಲ್ಗಾ ಮುಳ್ಳು ಕೀಳುತ್ತಿದ್ದಳು. ಬಲಗಾಲಿನ ಮೇಲೆ ನಿಂತಳು. ಎಡಗಾಲಿನ ಮೇಲೆ ನಿಂತಳು. ಮಂಡಿಗೆ ಮಂಡಿ ಒತ್ತಿ ಒಂದು ಸುತ್ತು ಹೊಯ್ದಾಡಿದಳು.

"ಇವರು ವೆಲ್ಗಾ," ಎಂದಳು ಪಿಪ್ಪಾ. "ಇವರನ್ನ ಏನಾದ್ರೂ ಕೇಳ್ತೀರಾ ಮಕ್ಕಳೇ?"

ದ್ವೀಪದ ಶಾಲೆಯಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಹೆಸರು ಮರೇಡ್, ಒಂಬತ್ತು ವರ್ಷ.

"ಮಿಸ್, ಆ ಆಂಟಿಗೆ ಒಂದಕ್ಕೆ ಬಂದದೆ."

ಅವಳ ಟೀಚರು ಗಾಬರಿಯಾದರು. "ಮರೇಡ್! ಹಂಗೆಲ್ಲ ಅನ್ಬಾರ್ದು."

"ನಿಜ ಮಿಸ್! ನಮ್ ತಮ್ಮನೂ ಹಿಂಗೇ ಕುಣೀತಾನೆ. ಆಮೇಲೆ ಉಯ್ಕೊಂಬಿಡ್ತಾನೆ."

ಮೂರು ಶಾಲೆಗಳೂ ಒಟ್ಟಿಗೆ ನಕ್ಕವು. ಪಿಪ್ಪಾ ತಾನೂ ನಕ್ಕು, "ಇಲ್ಲಿ ಯಾರು ಯಾವಾಗ ಬೇಕಾದ್ರೂ ಹೋಗಬಹುದು ಪುಟ್ಟಾ," ಎಂದಳು.

"ಮತ್ತೆ ಅವ್ರು ಯಾಕೆ ಹೋಗ್ತಿಲ್ಲ?"

ವೆಲ್ಗಾ ಸ್ಟ್ರೂವನ್ ಕಡೆ ನೋಡಿದಳು. ಅವನು ಕ್ಯಾಮೆರಾದ ಹಿಂದೆ ನಿಂತು, ತುಟೀಲೇ ನಗು ಎಂದು ಬೆರಳಲ್ಲಿ ತೋರಿಸುತ್ತಿದ್ದ. ಪಕ್ಕದಲ್ಲಿ ಈನಾ ತಲೆ ಬಗ್ಗಿಸಿ ಮುಳ್ಳು ಕೀಳುತ್ತಿದ್ದಳು. ವೆಲ್ಗಾಗೆ ಇದ್ದಕ್ಕಿದ್ದಂತೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ತಡೆಯಲು ಹೋದರೆ ಬೇರೆಯದೂ ಕೈಬಿಡುವಂತಿತ್ತು. ಹಾಗಾಗಿ ಬಾಯಿ ತೆರೆದೇ ನಕ್ಕಳು.

"ಬಿಡಲ್ಲ ಪುಟ್ಟಾ," ಎಂದಳು. "ದಿನಕ್ಕೆ ಎರಡೇ ಸಲ. ಆರು ನಿಮಿಷ. ಅದೂ ಆ ಕೆಂಪಂಗಿ ಹಾಕ್ಕಂಡು."

"ಎಲ್ಲಿ ಅಂಗಿ? ತೋರ್ಸಿ! ತೋರ್ಸಿ!" ಎಂದು ಗ್ಲಾಸ್ಗೋ ಮೇಜು ಬಡಿಯಿತು.

ಫರ್ಕರ್ ಕ್ಯಾಮೆರಾದ ಮುಂದೆ ನುಗ್ಗಿದ. "ಅದೆಲ್ಲ ಏನಿಲ್ಲ ಮಕ್ಕಳೇ, ಅವರಿಗೆ ಭಾಷೆ ಸರಿಯಾಗಿ ಬರಲ್ಲ. ಇಲ್ಲಿ ಯಾರು ಬೇಕಾದ್ರೂ ಹೋಗಬಹುದು."

"ಈಗ್ಲೇನಾ?" ಎಂದಳು ಮರೇಡ್.

"ಈಗಲೇ."

"ಎಲ್ರೂವೆ?"

ಫರ್ಕರ್ ಪರದೆಯತ್ತ ನೋಡಿದ. ಮೂರು ಕಿಟಕಿಗಳಲ್ಲೂ ಟೀಚರುಗಳು ಮುಂದಕ್ಕೆ ಬಾಗಿ ನೋಡುತ್ತಿದ್ದರು. "ಹೌದು," ಎಂದ. "ಎಲ್ಲರೂ. ಯಾವಾಗ ಬೇಕಾದ್ರೂ."

ಮೊದಲು ಈನಾ ಕೈ ಎತ್ತಿದಳು. ನೀಲಿ ಕೈಗವಸಿನಿಂದ ಮೀನಿನ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಅವಳಾಚೆಯ ಪೋಲೆಂಡಿನವಳು. ಆಮೇಲೆ ಸಾಲಿಗೆ ಸಾಲೇ. ಮೂವತ್ತೆಂಟು ಕೈಗಳು ತರಗತಿಯಲ್ಲಿ ಎತ್ತಿದ ಹಾಗೆ ಮೇಲೆದ್ದವು.

"ಅಂಗಿ ಎರಡೇ ಇರೋದು ಕಣ್ರೇ!" ಎಂದು ಸ್ಟ್ರೂವನ್ ಕ್ಯಾಮೆರಾದ ಹಿಂದಿನಿಂದ ಹಲ್ಲು ಕಚ್ಚಿಕೊಂಡು ಅಂದ.

"ನೀನೇ ಹಾಕ್ಕೊ, ಎರಡೂವೆ!" ಎಂದು ಈನಾ ಚಿಮಟ ಕೆಳಗಿಟ್ಟಳು.

ಹೆಂಗಸರು ಹೊರಟರು. ಬಾಗಿಲು ದಾಟುವವರೆಗೆ ನಡೆದರು, ಓಣಿಗೆ ಬಂದದ್ದೇ ಓಡಿದರು. ಗಮ್‌ಬೂಟಿನ ಮೂವತ್ತೆಂಟು ಜೋಡಿ ಕಾಲು ದಡಬಡ ಎಂದವು. ಇದ್ದದ್ದು ಮೂರು ಪಾಯಿಖಾನೆ.

"ಈನಾನ್ನ ಬಿಡ್ರೇ ಮುಂದಕ್ಕೆ!" ಎಂದಳು ವೆಲ್ಗಾ.

"ನೀ ಹೋಗು ಮಗಾ, ಕುಣಿದ್ ಕುಣಿದ್ ಸಾಯ್ತಿದ್ದೀಯ!"

ಕಡೆಗೆ ಇಬ್ಬರೂ ಅಕ್ಕಪಕ್ಕದ ಎರಡಕ್ಕೆ ನುಗ್ಗಿದರು. ಹೊರಗೆ ಕಾಯುವವರು ಬಾಗಿಲು ತಟ್ಟಿ ತಾಳ ಹಾಕಿದರು. ಒಬ್ಬಳು ಹಾಡು ಶುರುಮಾಡಿದಳು. ಈನಾ ಒಳಗಿನಿಂದ, "ಅಯ್ಯೋ ದೇವ್ರೇ, ಬರೀ ಕೂತಿರೋದೂ ಒಂದ್ ಸುಖವೇ ಕಣೇ!" ಎಂದು ಕೂಗಿದ್ದಕ್ಕೆ ನಡುವಿನ ಗೋಡೆಗೆ ತಲೆ ಆನಿಸಿ ವೆಲ್ಗಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆರು ನಿಮಿಷ ಹೋಗಿ, ಇಪ್ಪತ್ತಾಗಿ, ಮೂವತ್ತಾಗಿ, ಯಾರೂ ಗಡಿಯಾರ ನೋಡಲಿಲ್ಲ.

ವಾಪಸು ಬಂದಾಗ ಬೆಲ್ಟಿನ ಕೊನೆಯಲ್ಲಿ ಮೀನು ಗುಡ್ಡೆಯಾಗಿ ನೆಲಕ್ಕೆ ಜಾರುತ್ತಿತ್ತು. ಫರ್ಕರ್, ಸ್ಟ್ರೂವನ್, ಪಿಪ್ಪಾ ಮೂವರೂ ಚಿಮಟ ಹಿಡಿದು ನಿಂತಿದ್ದರು. ಯಜಮಾನನ ಟೈ ಮೀನಿನ ಎಣ್ಣೆಯಲ್ಲಿ ಮುಳುಗಿತ್ತು.

"ಬಾಲದ್ ಕಡೆಗೆ ಎಳೀಬ್ಯಾಡ್ರಿ!" ಎಂದು ಪರದೆಯಿಂದ ಮರೇಡ್ ಗದರುತ್ತಿದ್ದಳು. "ಮೀನು ಹರಿದೋಗ್ತದೆ! ತಲೆ ಕಡೆಗೆ, ತಲೆ ಕಡೆಗೆ! ನಿಮ್ಗೆ ಯಾರೂ ಹೇಳ್ಕೊಟ್ಟಿಲ್ವಾ?"

ವೆಲ್ಗಾ ಕಂಡದ್ದೇ ಮೂರು ಶಾಲೆಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದವು. ಅವಳಿಗೆ ಯಾಕೆಂದು ತಿಳಿಯಲಿಲ್ಲ. ಪಿಪ್ಪಾ ಹತ್ತಿರ ಬಂದು, ಬಿಗಿಹಿಡಿದ ನಗುವಿನಲ್ಲಿ ಅವಳ ಕತ್ತುಪಟ್ಟಿಯತ್ತ ಬೆರಳು ತೋರಿಸಿದಳು. ಮೈಕು ಅಲ್ಲೇ ಇತ್ತು. ಹಾಡು, ತಾಳ, ಈನಾಳ ಸುಖ, ನೀರು ಬಿಟ್ಟ ಸದ್ದು ಎಲ್ಲವೂ ಗ್ಲಾಸ್ಗೋಗೂ ವೇಲ್ಸಿಗೂ ದ್ವೀಪಕ್ಕೂ ತಲುಪಿತ್ತು.

"ನಮ್ಮ ಮಕ್ಕಳಿಗೆ ಇನ್ನೂ ತುಂಬಾ ಪ್ರಶ್ನೆಗಳಿವೆ," ಎಂದರು ಗ್ಲಾಸ್ಗೋದ ಟೀಚರು, ನಗದೆ. "ಬರೆದು ಕಳಿಸ್ತೀವಿ. ಮೀನು ಕೊಳ್ಳೋ ಅಂಗಡಿಯೋರಿಗೂ."

ಪರದೆ ಕಪ್ಪಾಯಿತು. ಫರ್ಕರ್ ಮೆಟ್ಟಿಲು ಹತ್ತಿ ಹೋದ. ಸ್ಟ್ರೂವನ್ ವೆಲ್ಗಾಳ ಮುಖದ ಹತ್ತಿರಕ್ಕೆ ಬಂದ.

"ನಿನ್ ಕತೆ ಮುಗೀತು ಕಣೇ, ಬೋಳಿಮುಂಡೆ."

ವೆಲ್ಗಾ ಕತ್ತುಪಟ್ಟಿ ಮುಟ್ಟಿಕೊಂಡಳು. "ಮೈಕ್ ಇನ್ನೂ ಆನ್ ಇದೆ ಕಣಪ್ಪ."

ಅವನು ಬೆಂಕಿ ಮುಟ್ಟಿದವನ ಹಾಗೆ ಹಿಂದಕ್ಕೆ ಹಾರಿದ. ಮೈಕು ಆರಿತ್ತು. ಸಾಲಿನುದ್ದಕ್ಕೂ ನಗು ಮತ್ತೆ ಹೊತ್ತಿಕೊಂಡಿತು.

ಸಂಜೆ ಸಂದೇಶ ಬಂತು. ನಾಳೆಯಿಂದ ಕೆಲಸವಿಲ್ಲ, ಬೇಕಾದಾಗ ತಿಳಿಸುತ್ತೇವೆ. ಇಲ್ಜೆ ಅದನ್ನು ಎರಡು ಸಲ ಓದಿದಳು. "ಈಗೇನಮ್ಮಾ?"

"ಅಲಾರಂ ನಾಕೂಮುಕ್ಕಾಲಕ್ಕೆ ಇಡು," ಎಂದಳು ವೆಲ್ಗಾ.

ಮೇ ತಿಂಗಳು. ಮರುದಿನ ಬೆಳಗ್ಗೆ ಐದೂವರೆಗೆ ಬಂದರಿನ ಮೇಲೆಲ್ಲ ಬಿಸಿಲು ಹರಡಿತ್ತು. ಕಾರ್ಖಾನೆಯ ಬಸ್ಸು ಬಂದು ನಿಂತಾಗ ಡ್ರೈವರ್ ಡೂಗಲ್ ಪಟ್ಟಿ ನೋಡಿದ. "ನಿನ್ ಹೆಸ್ರಿಲ್ವಲ್ಲ ತಾಯಿ."

"ಕೆಲ್ಸಕ್ಕೆ ಬತ್ತಿಲ್ಲ ಕಣಣ್ಣ. ಒಂದಕ್ಕೆ ಹೋಗೋಕೆ ಬತ್ತಿದೀನಿ. ಯಾರಾದ್ರೂ, ಯಾವಾಗಾದ್ರೂ ಅಂತ ಸಾಹೇಬ್ರೇ ಹೇಳವ್ರಲ್ಲ?"

ಬಸ್ಸು ಸ್ಫೋಟಿಸಿದ ಹಾಗೆ ನಕ್ಕಿತು. ಈನಾ ಕಿಟಕಿ ಪಕ್ಕ ಸರಿದು ಜಾಗ ಬಿಟ್ಟಳು. ಡೂಗಲ್ ತಲೆ ಕೆರೆದುಕೊಂಡು ಬಾಗಿಲು ಮುಚ್ಚಿದ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಪಟ್ಟಿ ಹಿಡಿದು ಬಂದ. ವೆಲ್ಗಾ ಒಬ್ಬಳು ಬಸ್ಸಲ್ಲೇ ಇರಬೇಕು, ಮಿಕ್ಕವರು ಇಳಿಯಬೇಕು ಎಂದ. ಯಾರೂ ಏಳಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಪೋಲೆಂಡಿನವಳು ಕಾಲು ಚಾಚಿ ಎದುರು ಸೀಟಿನ ಮೇಲಿಟ್ಟಳು. ಪಾಳಿಯ ಸೈರನ್ ಊದಿತು, ಊದಿ ನಿಂತಿತು. ಗೋಡೆಯಾಚೆ ಬೆಲ್ಟು ಶುರುವಾದ ಸದ್ದು ಕೇಳಿಸಿತು. ಈನಾ ಚೀಲದಿಂದ ಓಟ್ಸಿನ ರೊಟ್ಟಿಯ ಡಬ್ಬಿ ತೆಗೆದು, ತಾನೊಂದು ಹಿಡಿದು, ಹಿಂದಕ್ಕೆ ದಾಟಿಸಿದಳು.

ಸ್ಟ್ರೂವನ್ ಬಿಳಿ ಕೋಟಿಗೆ ಒಂದೇ ತೋಳು ತೂರಿಸಿಕೊಂಡು ಗೇಟಿನೊಳಗಿಂದ ಓಡಿಬಂದು ಬಸ್ಸಿನ ಬಾಗಿಲನ್ನು ಅಂಗೈಯಲ್ಲಿ ಬಡಿಯತೊಡಗಿದ. ಡೂಗಲ್ ಕನ್ನಡಿಯಲ್ಲಿ ಹಿಂದಿನ ಹೆಂಗಸರನ್ನು ನೋಡಿದ. ಆಮೇಲೆ ಬಾಗಿಲ ಗುಂಡಿಯ ಮೇಲಿಟ್ಟಿದ್ದ ಕೈ ತೆಗೆದು, ಎಂಜಿನ್ ಆರಿಸಿ, ಪತ್ರಿಕೆ ಬಿಡಿಸಿಕೊಂಡು ಕೂತ.