ಸ್ಟೂಲಿನಿಂದ ಏಳದವಳು

ಬಿಳಿ ಕೈಗವಸಿನ ಹೆಂಗಸೊಬ್ಬಳು ಟಿಶ್ಯೂ ಡಬ್ಬಿಯನ್ನು ಹಂಸಿನಿಯ ಕೈಗೆ ತುರುಕಿ, ಭುಜ ಹಿಡಿದು ತಂದು ಶವಪೆಟ್ಟಿಗೆಯ ಪಕ್ಕದಲ್ಲೇ ನಿಲ್ಲಿಸಿಬಿಟ್ಟಳು. ನಾನು ಸೇವೆಯವಳಲ್ಲ ಎನ್ನುವಷ್ಟರಲ್ಲಿ ಆಕೆ ಮುಂದಿನ ಸಾಲಿಗೆ ಹೋಗಿಯಾಗಿತ್ತು.

ತಪ್ಪು ಯಾರದು ಅಂತೀರಿ? ಸಾವಿನ ಮನೆಗೆ ಬಣ್ಣ ಉಟ್ಟು ಹೋಗಬಾರದೆಂದು ಪಾರ್ಸಿಪನಿ ಊರಿನ ಅನಸೂಯ ಚಿಕ್ಕಮ್ಮ ತಾನೇ ಇಸ್ತ್ರಿ ಮಾಡಿ ಬಿಳಿ ಚೂಡಿದಾರ ಕೊಟ್ಟಿದ್ದಳು. ಸಮರ್‌ಸೆಟ್‌ನ ಈ ಕಪ್ಪು ಜನರ ಚರ್ಚಿನಲ್ಲಿ ದುಃಖಕ್ಕೆ ಬಂದವರೆಲ್ಲ ಕಪ್ಪು ತೊಟ್ಟಿದ್ದರು. ಬಿಳಿ ತೊಟ್ಟವರೆಂದರೆ ಬಂದವರನ್ನು ಕೂರಿಸಿ, ಅತ್ತವರಿಗೆ ನೀರು ಕೊಡುವ ಸೇವೆಯ ಹೆಂಗಸರು ಮಾತ್ರ. ಸರಿ, ಹಂಸಿನಿಯೂ ಸೇವೆಗೆ ಸೇರಿದಳು.

ಎದುರಿಗೇ ಕ್ಯಾಮೆರಾ. ಎಲ್ಲವೂ ಲೈವ್ ಹೋಗುತ್ತಿತ್ತು. ಅವಳು ವಿದ್ಯಾರ್ಥಿ ವೀಸಾದಲ್ಲಿ ಬಂದವಳು. ಚಳವಳಿ ಗಿಳವಳಿ ಎಂದು ಬಾಯಿಬಿಟ್ಟ ಯಾರದೋ ವೀಸಾ ಹೋಯಿತಂತೆ ಎಂದು ಕೇಳಿದಾಗಿನಿಂದ ನಿದ್ದೆ ಸರಿಯಾಗಿರಲಿಲ್ಲ. ಕಾರಿನಲ್ಲಿ ಚಿಕ್ಕಮ್ಮ ದಾರಿಯುದ್ದಕ್ಕೂ ಅದನ್ನೇ ಅರೆದಿದ್ದಳು.

"ಕೈ ಮುಗಿದು ಬಂದ್ಬಿಡೋಣ ಹಂಸಿ. ಮೈಕ್ ಹತ್ರ ಮಾತ್ರ ಹೋಗ್ಬೇಡ ಕಣೇ. ಓದಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ."

ಪೆಟ್ಟಿಗೆಯಲ್ಲಿ ಮಲಗಿದ್ದಾಕೆ ಅರ್ನೆಸ್ಟೀನ್ ಪ್ರೂಯಿಟ್. ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಲೇ ಮುದುಕಿಯಾದವಳು. ಹಿಂದೆ ಕಪ್ಪು ಜನರ ಹಕ್ಕಿಗಾಗಿ ನಡೆದ ವಿದ್ಯಾರ್ಥಿ ಚಳವಳಿಯಲ್ಲಿದ್ದ ಹೆಂಗಸರ ನೆನಪುಗಳನ್ನು ಹಂಸಿನಿಯ ಕಾಲೇಜಿನವರು ರೆಕಾರ್ಡ್ ಮಾಡಿಸಿದಾಗ ಈಕೆ ಅವಳ ಪಾಲಿಗೆ ಬಂದಿದ್ದಳು.

*

"ಮೆಷಿನ್ ಆಫ್ ಮಾಡು ಮಗಳೇ," ಎಂದಿದ್ದಳು ಅಂದು ಅರ್ನೆಸ್ಟೀನ್.

ಚಳವಳಿಯ ಕಾಲದಲ್ಲಿ ಆಕೆಗೆ ಹತ್ತೊಂಬತ್ತು. ಈ ದೇಶದ ದಕ್ಷಿಣದ ಒಂದು ಊರು, ಬಿಳಿಯರಿಗಷ್ಟೇ ತಿಂಡಿ ಕೊಡುವ ಅಂಗಡಿ. ಕಾಲೇಜಿನ ಗೆಳತಿಯರ ಜೊತೆ ಹೋಗಿ ಸ್ಟೂಲಿನ ಮೇಲೆ ಕೂತಳು. ಹಿಂದೆ ನಿಂತ ಗಂಡಸರು ತಲೆಗೆ ಸಕ್ಕರೆ ಸುರಿದರು, ಕತ್ತಿನ ಹತ್ತಿರ ಉರಿಯುವ ಸಿಗರೇಟು ತಂದರು. ಪೊಲೀಸರು ಬಂದಾಗ ಜೊತೆಯವರೆಲ್ಲ ಎದ್ದರು. ಇವಳು ಜಪ್ಪಯ್ಯ ಎಂದರೂ ಏಳಲಿಲ್ಲ; ಕೈಕಾಲು ಹಿಡಿದು ಹೊತ್ತೊಯ್ಯಬೇಕಾಯಿತು. ಆ ಫೋಟೊ ಪೇಪರಿನಲ್ಲಿ ಬಂದದ್ದೇ ಬಂದದ್ದು, ಧೀರೆ ಎಂಬ ಹೆಸರು ಅಂಟಿಕೊಂಡಿತು.

"ಧೈರ್ಯ ಅಲ್ಲ ಅದು. ಹೆದರಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ. ಎದ್ದರೆ ಎಲ್ಲರಿಗೂ ಕಾಣುತ್ತಲ್ಲ, ಅದಕ್ಕೇ ಏಳಲಿಲ್ಲ. ನನ್ನ ಮಗಳು ವಿಲ್ಮಾ ತನಗೆ ಅಮ್ಮನ ಧೈರ್ಯ ಬರಲಿಲ್ಲ ಅಂತ ಜೀವನಪೂರ್ತಿ ಕೊರಗಿದಾಳೆ. ಹೇಳೋಕೆ ನಂಗೆ ನಾಚಿಕೆ. ನಾನು ಸತ್ತ ಮೇಲೆ, ಎಲ್ಲರ ಮುಂದೆ, ನೀನು ಹೇಳು."

ಹಂಸಿನಿ ಹೂಂ ಎಂದಿದ್ದಳು. ಹೂಂ ಅನ್ನುವುದಕ್ಕೆ ಏನು ಖರ್ಚು?

*

ವಿಲ್ಮಾ ಮೈಕಿನ ಮುಂದೆ ನಿಂತು, ಅಮ್ಮನ ಧೈರ್ಯದಲ್ಲಿ ಕಾಲುಪಾಲೂ ತನಗಿಲ್ಲ ಎಂದು ಅತ್ತಳು. ಆಮೇಲೆ, ಅಮ್ಮನ ಮಾತು ರೆಕಾರ್ಡ್ ಮಾಡಿದ ಹುಡುಗಿ ಬಂದಿದ್ದಾಳೆಯೇ, ನಾಲ್ಕು ಮಾತು ಹೇಳುತ್ತಾಳೆಯೇ ಎಂದು ಕೇಳಿದಳು. ಇಬ್ಬರೂ ಮುಖ ನೋಡಿದವರಲ್ಲ, ಮಾತಾಡಿದ್ದು ಫೋನಿನಲ್ಲಷ್ಟೇ.

ಎಲ್ಲರೂ ಹಿಂದೆ ಮುಂದೆ ತಿರುಗಿ ಹುಡುಕಿದರು. ಬಿಳಿ ತೊಟ್ಟು ಟಿಶ್ಯೂ ಹಿಡಿದವಳನ್ನು ಯಾರು ನೋಡುತ್ತಾರೆ? ಸುಮ್ಮನಿದ್ದರೆ ಮುಗಿಯಿತು. ವೀಸಾದ ಭಯ ಒಂದು ಕಡೆ. ಸತ್ತವಳ ಮಾನವನ್ನು ದೇವರ ಮುಂದೆಯೇ ಕಳೆಯುವ ಭಯ ಇನ್ನೊಂದು ಕಡೆ. ಹಿಂದಿನ ಸಾಲಿನಲ್ಲಿ ಚಿಕ್ಕಮ್ಮ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ವಿಲ್ಮಾ ತುಸು ಹೊತ್ತು ಕಾದು, ತಲೆ ತಗ್ಗಿಸಿ ಕೆಳಗಿಳಿದಳು.

ಹಂಸಿನಿ ಡಬ್ಬಿಯನ್ನು ನೆಲದ ಮೇಲಿಟ್ಟು ಮೈಕಿನ ಹತ್ತಿರ ಹೋದಳು. ತನ್ನ ಪೂರ್ತಿ ಹೆಸರು ಹೇಳಿದಳು. ಸ್ಟೂಲು, ಸಿಗರೇಟು, ಉಚ್ಚೆ, ಒಂದನ್ನೂ ಬಿಡದೆ ಹೇಳಿದಳು. "ಅವರಿಗೆ ಧೈರ್ಯ ಇರಲಿಲ್ಲ. ತುಂಬ ಭಯ ಆಗಿತ್ತು. ಅದನ್ನು ನಿಮಗೆ ಹೇಳು ಅಂದಿದ್ದರು, ವಿಲ್ಮಾ. ನನಗೂ ಈಗ ತುಂಬ ಭಯ ಆಗ್ತಿದೆ."

ಮುಗಿಯಿತು ನನ್ನ ಕತೆ ಎಂದುಕೊಂಡಳು ಹಂಸಿನಿ. ವಿಲ್ಮಾ ಎದ್ದು ಬಂದಳು, ಅವಳ ರಟ್ಟೆ ಹಿಡಿದು ಮನೆಯವರ ಬೆಂಚಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ಹಿಂದಿನಿಂದ ಅನಸೂಯ ಚಿಕ್ಕಮ್ಮ ಸೆರಗು ಹೊದ್ದು, ಕ್ಯಾಮೆರಾದ ಮುಂದೆಯೇ ಹಾದು ಬಂದು ಇನ್ನೊಂದು ಪಕ್ಕಕ್ಕೆ ಕೂತಳು. ಮೂವರೂ ಒತ್ತಿಕೊಂಡು ಕೂತಿದ್ದ ಆ ಹಳೆಯ ಬೆಂಚು ಸಣ್ಣಗೆ ನಡುಗುತ್ತಿತ್ತು. ಯಾರ ನಡುಕವೆಂದು ಮೂವರಿಗೂ ತಿಳಿಯಲಿಲ್ಲ.