ಇಪ್ಪತ್ತಾರು ಮಂದಿಗೆ ಒಂದು ಹಾಳೆ

ನಮ್ಮ ಹೈಸ್ಕೂಲಿನ ಚರಿತ್ರೆಯಲ್ಲಿ ಅತ್ಯಂತ ಗಂಭೀರವೆನ್ನಬಹುದಾದ ಘಟನೆ ಒಂದು ಸೋಮವಾರ ಬೆಳಿಗ್ಗೆ ನಡೆಯಿತು. ಶಾಲೆಯ ರಬ್ಬರು ಕಾಣೆಯಾಯಿತು.

ಪಾಠ ನಿಂತಿತು. ಹೆಡ್ಮೇಷ್ಟ್ರು ಖುದ್ದಾಗಿ ತನಿಖೆಗೆ ಇಳಿದರು. ತರಗತಿಯ ಇಪ್ಪತ್ತಾರು ಮಂದಿಯಲ್ಲಿ ಚರಂಡಿ ಪಕ್ಕದ ಕೇರಿಯಿಂದ ಬರುತ್ತಿದ್ದ ನಮ್ಮ ಎಂಟು ಮಂದಿಯನ್ನು ಮಾತ್ರ ಗೋಡೆಗೆ ನಿಲ್ಲಿಸಿದ್ದರಿಂದ ಅವರ ಕೆಲಸ ಹಗುರವಾಯಿತು. ನಮ್ಮಲ್ಲೊಬ್ಬಳಾದ ಕಡ್ಡಿಯ ಚೀಲವನ್ನು ಅವರು ಕೈಯಿಂದ ಮುಟ್ಟಲಿಲ್ಲ. ಬೆತ್ತದ ತುದಿಗೆ ಸಿಕ್ಕಿಸಿ ನೆಲಕ್ಕೆ ಸುರಿದರು. ಕಡ್ಡಿಯಷ್ಟು ತೆಳ್ಳಗಿದ್ದಳೆಂದು ಅವಳಿಗೆ ಆ ಹೆಸರು. ಚೀಲದಿಂದ ಬಿದ್ದದ್ದು ಎರಡು ನೋಟುಬುಕ್ಕು, ಹೆಬ್ಬೆರಳುದ್ದದ ಒಂದು ಪೆನ್ಸಿಲು.

“ಎಲ್ಲಿಟ್ಟೆ ಹೇಳೇ. ನಿಮ್ಮಪ್ಪ ಊರ ಹೊಲಸೆಲ್ಲ ಹೊತ್ತಿದ್ದು ಸಾಲದು ಅಂತ ನೀನು ಶಾಲೆ ಸಾಮಾನು ಹೊರೋಕೆ ಶುರು ಮಾಡಿದ್ಯಾ?”

“ನಾನು ತಗೊಂಡಿಲ್ಲ ಸಾರ್. ನಂದು ಅಳಿಸೋ ಅಂಥದ್ದು ಏನೂ ಇರಲ್ಲ.”

ಈ ಮಾತು ನಿಜವಾಗಿತ್ತು. ಅದಕ್ಕಾಗಿಯೇ ಎರಡೇಟು ಬಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ರಬ್ಬರು ಹೆಡ್ಮೇಷ್ಟ್ರ ಕೋಟಿನ ಜೇಬಿನಲ್ಲೇ ಸಿಕ್ಕಿತು. ಕ್ಷಮೆ ಕೇಳುವುದು ಪಠ್ಯಕ್ರಮದಲ್ಲಿ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ರಬ್ಬರಿಗೆ ಇಷ್ಟು ಬೆಲೆ ಬರಲು ಕಾರಣವಿತ್ತು. ವಿಜ್ಞಾನದ ಕಾಲೇಜಿಗೆ ಸೇರಬೇಕಾದರೆ ಒಂದು ಪರೀಕ್ಷೆ. ನೂರ ಎಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದರ ಮುಂದಿನ ಸೊನ್ನೆಯನ್ನು ಪೆನ್ಸಿಲಿನಿಂದ ತುಂಬಬೇಕು. ತಿದ್ದುವುದು ಮನುಷ್ಯರಲ್ಲ, ಯಂತ್ರ. ದೊಡ್ಡ ಶಾಲೆಗಳಲ್ಲಿ ಅಭ್ಯಾಸಕ್ಕೆಂದು ಅಂಥ ಹಾಳೆಗಳ ಕಟ್ಟುಗಟ್ಟಲೆ ರಾಶಿ ಇರುತ್ತಿತ್ತಂತೆ. ನಮ್ಮಲ್ಲಿ ಇದ್ದದ್ದು ಒಂದು. ಡ್ರಿಲ್ ಮೇಷ್ಟ್ರು ಎಲ್ಲಿಂದಲೋ ಕಾಡಿಬೇಡಿ ತಂದದ್ದು. ವಿಜ್ಞಾನದ ಮೇಷ್ಟ್ರ ಜಾಗ ಆರು ವರ್ಷದಿಂದ ಖಾಲಿ ಇತ್ತು. ಪ್ರಯೋಗಾಲಯದಲ್ಲಿ ಕಾಲು ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಹಾಗಾಗಿ ನಮಗೆ ಬೆಳಕನ್ನೂ ವಿದ್ಯುತ್ತನ್ನೂ ಕಲಿಸುತ್ತಿದ್ದವರು ಡ್ರಿಲ್ ಮೇಷ್ಟ್ರೇ. ಅವರು ನಮಗಿಂತ ಒಂದು ಪಾಠ ಮುಂದಿರುತ್ತಿದ್ದರು, ಕಡ್ಡಿಗಿಂತ ಒಂದು ಪಾಠ ಹಿಂದೆ.

ದಿನಕ್ಕೊಬ್ಬರಿಗೆ ಹಾಳೆ. ಅವರು ತುಂಬಬೇಕು, ಮೇಷ್ಟ್ರು ನೋಡಬೇಕು, ಅಳಿಸಿ ಮಾರನೆಯ ದಿನ ಇನ್ನೊಬ್ಬರಿಗೆ ಕೊಡಬೇಕು. ಹೀಗೆ ಎರಡು ವರ್ಷ ಆ ಹಾಳೆ ಬಾಳಿತೆಂದರೆ ಅದರ ಪುಣ್ಯವೆಲ್ಲ ಮೇಷ್ಟ್ರ ಒಂದೇ ಮಂತ್ರಕ್ಕೆ ಸಲ್ಲಬೇಕು: “ಮೆತ್ತಗೆ ತೀಡ್ರೋ. ಹಾಳೆ ಹರಿದ್ರೆ ಇನ್ನೊಂದು ನಿಮ್ಮ ತಾತ ತಂದ್ಕೊಡ್ತಾನಾ?”

ನಾವು ಮೆತ್ತಗೆ ತೀಡುವುದರಲ್ಲಿ ಪಳಗಿದೆವು. ಕಡ್ಡಿಯಂತೂ ಆ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದಳು. ಅವಳು ತುಂಬಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಉತ್ತರ ಕಾಣುತ್ತಿತ್ತು. ರಬ್ಬರು ಒಮ್ಮೆ ಸವರಿದರೆ ಸಾಕು, ಹಾಳೆ ಹೊಸದು. ಅವಳನ್ನು ನೋಡಿ ಕಲೀರಿ ಎಂದು ಮೇಷ್ಟ್ರು ನಮಗೆಲ್ಲ ತೋರಿಸುತ್ತಿದ್ದರು.

ಪರೀಕ್ಷೆ ದೊಡ್ಡ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಡೆಯಿತು. ಸೊನ್ನೆಗಳನ್ನು ಗಾಢವಾಗಿ ತುಂಬಬೇಕೆಂದು ಒಬ್ಬರು ಸೂಚನೆ ಓದಿದರು. ಕಡ್ಡಿ ಗಮನವಿಟ್ಟು ಕೇಳಿದಳು, ಗಾಢವಾಗಿಯೇ ತುಂಬಿದಳು. ಅಂದರೆ ಶಾಲೆಯಲ್ಲಿ ತುಂಬುತ್ತಿದ್ದುದಕ್ಕಿಂತ ಎರಡರಷ್ಟು. ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಮುಗಿಸಿ ಕೈಕಟ್ಟಿ ಕುಳಿತಳು.

ತಿಂಗಳಾದ ಮೇಲೆ ಫಲಿತಾಂಶ ಬಂತು. ನಮ್ಮಲ್ಲಿ ಬಹುಪಾಲು ಮಂದಿಗೆ ಮೂವತ್ತು, ನಲವತ್ತು. ಕಡ್ಡಿಗೆ ಹನ್ನೊಂದು.

ಹೆಡ್ಮೇಷ್ಟ್ರಿಗೆ ಆಶ್ಚರ್ಯವೇನೂ ಆಗಲಿಲ್ಲ. ನಿಮ್ಮ ಪೈಕಿಯವರಿಗೆ ಹನ್ನೊಂದೂ ಹೆಚ್ಚೇ ಎಂದು ಎಲ್ಲರ ಎದುರು ಹೇಳಿ, ಮದುವೆಯ ವಯಸ್ಸಿನ ಬಗ್ಗೆಯೂ ಎರಡು ಮಾತು ಸೇರಿಸಿದರು. ಡ್ರಿಲ್ ಮೇಷ್ಟ್ರು ಮಾತ್ರ ಅಂಕಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಮುಚ್ಚಿಕೊಂಡು ತುಂಬಿದರೂ ನಲವತ್ತು ಬರಬೇಕು, ಇದು ಹನ್ನೊಂದು ಹೇಗಾಯಿತು ಎಂದು ನಮ್ಮನ್ನೇ ಕೇಳಿದರು. ಕೇಳುತ್ತಿದ್ದಂತೆ ಅವರ ಬಾಯಿ ಹಾಗೇ ನಿಂತಿತು.

ಅಂದು ಸಂಜೆ ಅವರು ಕಡ್ಡಿಯ ಮನೆಗೆ ಬಂದರು. ಅವಳ ಅಪ್ಪ ಸ್ಟೂಲು ಒರೆಸಿ ಇಟ್ಟ. ಮೇಷ್ಟ್ರು ಹೊಸ್ತಿಲ ಮೇಲೆ ಕುಳಿತರು.

“ತಪ್ಪು ನಂದು ಕಣಮ್ಮ. ಮಿಷನ್ನಿಗೆ ನಿನ್ನ ಉತ್ತರ ಕಂಡೇ ಇಲ್ಲ. ನಾನೇ ಹಾಗೆ ಕಲಿಸಿದ್ದು.”

ಮರುಪರಿಶೀಲನೆಗೆ ಅರ್ಜಿಯನ್ನು ಮೇಷ್ಟ್ರೇ ಬರೆದುಕೊಟ್ಟರು.

ಪರೀಕ್ಷಾ ಕಚೇರಿಗೆ ಹೊರಟ ದಿನ ಅಪ್ಪ ಎರಡು ಸಲ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದ. ಅಧಿಕಾರಿ ಇಬ್ಬರನ್ನೂ ಬಾಗಿಲ ಹತ್ತಿರವೇ ನಿಲ್ಲಿಸಿದ. ಕೆಟ್ಟವನೇನಲ್ಲ. ಹಾಳೆಯನ್ನು ಹುಡುಕಿ ತೆಗೆಸಿ, ದೀಪದ ಕೆಳಗೆ ಹಿಡಿದು, ಹೊತ್ತು ಹೋಗಲೆಂಬಂತೆ ಸರಿಯುತ್ತರಗಳ ಪಟ್ಟಿಗೆ ಹೋಲಿಸುತ್ತ ಹೋದ. ಅರ್ಧ ಗಂಟೆ ಹಿಡಿಯಿತು.

“ನೂರ ಅರವತ್ಮೂರು ಸರಿ ಇದೆಯಲ್ಲಮ್ಮ,” ಎಂದ. ಕೊನೆಯ ಸೀಟು ನೂರ ನಲವತ್ತೊಂಬತ್ತಕ್ಕೆ ನಿಂತಿದೆ ಎಂಬುದನ್ನೂ ಅವನೇ ಹೇಳಿದ.

“ಹಂಗಾದ್ರೆ ಸೀಟು ಸಿಗುತ್ತಾ ಸಾರ್?” ಅಪ್ಪ ಕೇಳಿದ.

“ಹೇಗೆ ಸಿಗುತ್ತಪ್ಪ? ಮಿಷನ್ನಿಗೆ ಕಾಣಬೇಕು.”

“ನಿಮಗೆ ಕಾಣ್ತಲ್ಲ.”

“ನನಗೆ ಕಂಡು ಏನು ಪ್ರಯೋಜನ? ನಾನು ಮಿಷನ್ನಾ?”

ಕಡ್ಡಿ ಆಗ ಮೊದಲ ಸಲ ಬಾಯಿ ತೆರೆದಳು. ಸೀಟು ಬೇಡ, ನೂರ ಅರವತ್ಮೂರು ಎಂಬುದನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಕೊಡಿ ಎಂದಳು. ಅಂಥದ್ದಕ್ಕೆ ಫಾರಂ ಇಲ್ಲವೆಂದು ಅಧಿಕಾರಿ ವಿವರಿಸಿದ. ಹಾಳೆಯನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದ. ಆಮೇಲೆ ಅಪ್ಪನ ಮುಖವನ್ನು ನಿಧಾನವಾಗಿ ನೋಡಿದ.

“ನೀನು ಚರಂಡಿಯವನಲ್ವಾ? ಬಂದಿದ್ದು ಒಳ್ಳೇದಾಯ್ತು. ಹಿಂದುಗಡೆ ಕಟ್ಕೊಂಡು ಎರಡು ದಿನ ಆಯ್ತು. ಹೋಗ್ತಾ ಇಳಿದು ಬಿಡಿಸಿ ಹೋಗು.”

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆಗಲ್ಲ ಎಂದವನಲ್ಲ ಅಪ್ಪ. ಅವನ ಕೈ ತಾನಾಗಿಯೇ ಶರ್ಟಿನ ಗುಂಡಿಗೆ ಹೋಯಿತು. ಒಂದನ್ನು ಬಿಚ್ಚಿದ. ಮತ್ತೆ ಹಾಕಿಕೊಂಡ.

“ಕಟ್ಕೊಂಡಿರೋದು ನನಗೆ ಕಾಣ್ತಿಲ್ಲ ಸಾರ್.”

“ಕಾಣ್ತಿಲ್ವಾ? ಇಲ್ಲೀವರೆಗೂ ನಾತ ಹೊಡೀತಿದೆ ಬೋಳಿಮಗನೆ.”

“ನಿಮಗೆ ಹೊಡೀತಿದೆ.”

ಮಗಳ ಕೈ ಹಿಡಿದುಕೊಂಡು ಅಪ್ಪ ಮೆಟ್ಟಿಲಿಳಿದ. ಅವಳ ಕೈಯನ್ನು ಅವನು ಹಾಗೆ ಹಿಡಿದು ಹತ್ತು ವರ್ಷವಾಗಿತ್ತು ಎಂದು ಕಡ್ಡಿ ನಮಗೆ ಹೇಳಿದಳು. ಒಳಗೆ ಅಧಿಕಾರಿ ಫೋನು ಎತ್ತಿಕೊಂಡಿದ್ದ.

ಹನ್ನೆರಡು ಗಂಟೆಗೆ ಇನ್ನೊಬ್ಬ ಬಂದು ಇಳಿದ. ಎರಡಕ್ಕೆ ಚರಂಡಿ ಹರಿಯಿತು. ಮಾರನೆಯ ದಿನ ಅಪ್ಪನನ್ನು ಕೆಲಸದಿಂದ ತೆಗೆದರು. ಶುಕ್ರವಾರ ಸೀಟುಗಳೆಲ್ಲ ಭರ್ತಿಯಾದವು.